ಫ್ರಿಜ್ ಬೇಡವೆಂದ ಅತಿಥಿ

"ಫ್ರಿಜ್ ಬೇಡ ಅಂತ ಯಾಕೆ ಬರೆದೆ, ಅಮರ?"

ಲೀಲಾಕ್ಷಿ ಇದನ್ನು ಎರಡನೆಯ ಸಲ ಕೇಳಿದರು. ದನಿ ಏರಿರಲಿಲ್ಲ. ಅರವತ್ತೆಂಟು ವರ್ಷಗಳಲ್ಲಿ ಏರಿಸಿ ರೂಢಿಯಾದ ದನಿಯೂ ಅದಲ್ಲ.

ಅಮರ ಮೇಜಿನ ಮೇಲೆ ಸಾಲಾಗಿ ಹರಡಿದ್ದ ಒಂಬತ್ತು ಹಾಳೆಗಳನ್ನೇ ನೋಡುತ್ತ ಕೂತಿದ್ದ. ಗಡ್ಡ ಬೋಳಿಸಿ ಮೂರು ದಿನವಾಗಿತ್ತು. ಅವನ ಹೆಂಡತಿ ಶಿವಾನಿ ‘ಇಟಲಿಗೆ ಹೊಂಟೀನಿ, ಹುಡುಕಬ್ಯಾಡ’ ಎಂಬ ಒಂದು ಸಾಲಿನ ಮೆಸೇಜಿನ ಜೊತೆ ಕಾಣೆಯಾಗಿಯೂ ಮೂರು ದಿನವಾಗಿತ್ತು.

ಪುಣೆಯ ಶಿವಾಜಿನಗರದ ಅಮರನ ಟ್ರಾವೆಲ್ ಆಫೀಸಿನಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಮೇ ರಜೆಗೆ ಯುರೋಪ್ ನೋಡಲು ಹೊರಟ ನಲವತ್ತು ಜನರ ತಂಡ, ಜೊತೆಗೊಬ್ಬ ಅಡುಗೆಯವನು. ಅಮರನ ಸಹಾಯಕಿ ಶ್ರದ್ಧಾ ಎಲ್ಲರಿಗೂ ಮರಾಠಿಯಲ್ಲಿ ಆಮೇಲೆ ಮಾಡಿ, ಆಮೇಲೆ ಮಾಡಿ ಎನ್ನುತ್ತಿದ್ದಳು. ನಡುವೆ ಒಮ್ಮೆ ಎದ್ದು ಬಂದು, ಯಾರೂ ಹೇಳದೆ, ಲೀಲಾಕ್ಷಿಯವರ ನೋಯುವ ಮೊಣಕಾಲಿನ ಕೆಳಗೆ ಒಂದು ಪುಟ್ಟ ಸ್ಟೂಲು ಇಟ್ಟು ಹೋದಳು. ಆರೋಪ ಹೊರಿಸಲು ಬಂದ ಜಾಗದಲ್ಲಿ ಇಂಥ ಉಪಚಾರ. ಲೀಲಾಕ್ಷಿಗೆ ಒಂದು ಗಳಿಗೆ ಮುಜುಗರವಾಯಿತು.

ಆದರೂ ಬಿಡುವಂತಿರಲಿಲ್ಲ. ಅವರು ಮೊದಲ ಹಾಳೆಯ ಮೇಲೆ ಬೆರಳಿಟ್ಟರು.

ಲುಕ್ಕಾ ಎಂಬುದು ಇಟಲಿಯ ಹಳೆಯ ಊರು. ಊರ ಸುತ್ತ ಕೋಟೆಗೋಡೆ, ಗೋಡೆಯ ಮೇಲೆ ಮರಗಳ ಸಾಲು, ಮರಗಳ ಕೆಳಗೆ ಜನ ಓಡಾಡುವ ದಾರಿ. ಚಿತ್ರಕಲೆ ಕಲಿಸುವ ಶಿವಾನಿಗೆ ಆ ಮರಗಳನ್ನು ಅಲ್ಲೇ ಕೂತು ಬರೆಯುವ ಆಸೆ. ಗೋಡೆಗೆ ತಾಗಿದ ಒಂದು ಗಲ್ಲಿಯಲ್ಲಿ ಒಂಬತ್ತೇ ಕೋಣೆಗಳ ಸಣ್ಣ ಹೋಟೆಲು. ನಡೆಸುವವಳು ಅಸುಂತಾ ಎಂಬ ಮುದುಕಿ. ದೀಪಾವಳಿಯಿಂದ ಈಚೆಗೆ ಇಬ್ಬರ ನಡುವೆ ಈಮೇಲ್ ಓಡಾಡಿತ್ತು. ಮೇ ಹದಿನಾಲ್ಕಕ್ಕೆ ಬಂದು ಆರು ದಿನ ಇರುತ್ತೇನೆ, ಕಿಟಕಿ ಗೋಡೆಯ ಕಡೆಗೇ ಇರಲಿ. ಚರ್ಚಿನ ಗಂಟೆಯ ಸದ್ದು ಕೇಳಿಸಲಿ, ನಿದ್ದೆ ಕೆಡಿಸುವಷ್ಟು ಬೇಡ. ಮೆಟ್ಟಿಲು ಎಷ್ಟು? ಅನ್ನ ಸಿಗುತ್ತದೆಯೇ? ಮತ್ತು ಎಲ್ಲಕ್ಕಿಂತ ಮೊದಲ ಪ್ರಶ್ನೆ: ಕೋಣೆಯಲ್ಲಿ ಫ್ರಿಜ್ ಇದೆಯೇ? ನನ್ನ ಔಷಧಿ ಇಡಬೇಕು.

ಕಟ್ಟಡ ಹಳೆಯದು, ಕೋಣೆಗಳಲ್ಲಿ ಫ್ರಿಜ್ ಇಲ್ಲ ಎಂದು ಅಸುಂತಾ ಬರೆದಿದ್ದಳು. ಆದರೆ ನನ್ನ ಅಡುಗೆಮನೆಯ ಫ್ರಿಜ್ಜಿನಲ್ಲಿ ಎರಡನೆಯ ಖಾನೆಯನ್ನು ನಿನಗಾಗಿ ಖಾಲಿ ಮಾಡುತ್ತೇನೆ, ನಿನ್ನ ಹೆಸರು ಬರೆದು ಅಂಟಿಸುತ್ತೇನೆ, ಅಡುಗೆಮನೆಯ ಕೀಲಿ ಹೂಕುಂಡದ ಕೆಳಗಿರುತ್ತದೆ.

ಏಳು ಈಮೇಲುಗಳು ಹೀಗೇ ಸಾಗಿದ್ದವು. ಎಂಟನೆಯದು ಹೋದ ಗುರುವಾರದ್ದು: ಮೇ ತಿಂಗಳಲ್ಲ, ಇದೇ ಭಾನುವಾರ ಬರುತ್ತೇನೆ. ಸಂತೋಷ, ಕೋಣೆ ಖಾಲಿಯಿದೆ, ಫ್ರಿಜ್ಜಿನ ಖಾನೆಯನ್ನೂ ಖಾಲಿ ಮಾಡಿದ್ದೇನೆ ಎಂದು ಅಸುಂತಾ ಉತ್ತರಿಸಿದ್ದಳು. ಒಂಬತ್ತನೆಯದು ಶುಕ್ರವಾರದ್ದು. ಅದರ ಮೊದಲ ಸಾಲೇ ಲೀಲಾಕ್ಷಿಯವರನ್ನು ಇಲ್ಲಿಗೆ ಕರೆತಂದದ್ದು. ಫ್ರಿಜ್ಜಿನ ಅಗತ್ಯವಿಲ್ಲ.

ಅತಿಥಿಗಳ ಪತ್ರ ಬೇರೆಯವರಿಗೆ ತೋರಿಸುವವಳಲ್ಲ ಅಸುಂತಾ. ಆದರೆ ಲೀಲಾಕ್ಷಿ ಶಿವಾನಿಯ ತಾಯಿಯಿಂದ ಹೋಟೆಲಿನ ಹೆಸರು ತಿಳಿದು, ಫೋನಿನಲ್ಲೇ ಭಾಷಾಂತರ ಮಾಡಿಕೊಂಡು ಬರೆದಿದ್ದರು: ನಾನೂ ನಿಮ್ಮ ಹಾಗೆ ಮೂವತ್ತೈದು ವರ್ಷ ಹನ್ನೆರಡು ಕೋಣೆಗಳ ಲಾಡ್ಜ್ ನಡೆಸಿದವಳು, ನನ್ನ ಮಗಳಂಥ ಹುಡುಗಿ ನಿಮ್ಮಲ್ಲಿಗೆ ಬಂದಳೇ? ಒಂದು ಗಂಟೆಯೊಳಗೆ ಎಲ್ಲ ಪತ್ರಗಳೂ ಬಂದವು. ಜೊತೆಗೆ ಎರಡು ಸಾಲು. ಅವಳು ಬಂದಿಲ್ಲ. ರಾತ್ರಿಯಿಡೀ ಹೊರಗಿನ ದೀಪ ಆರಿಸದೆ ಇಟ್ಟಿದ್ದೆ.

"ಲೀಲಕ್ಕಾ," ಕಡೆಗೂ ಅಮರ ತಲೆ ಎತ್ತಿದ. "ಇದನ್ನ ನಾ ಬರೆದೀನಿ ಅಂತೀರೇನ್ರಿ?"

ಲೀಲಾಕ್ಷಿ ತಮ್ಮ ಲೆಕ್ಕಾಚಾರವನ್ನು ಮುಚ್ಚಿಡಲಿಲ್ಲ. ಶಿವಾನಿಯ ಕೈಯಿಂದ ಈ ಸಾಲು ಬರಲು ಸಾಧ್ಯವೇ ಇಲ್ಲ. ಯಾರೋ ಅವಳ ಹೆಸರಲ್ಲಿ ಬರೆದು, ಅವಳು ತಾನಾಗಿಯೇ ಇಟಲಿಗೆ ಹೋದಳೆಂದು ನಂಬಿಸಲು ನೋಡಿದ್ದಾರೆ. ವಿಮಾನ, ವೀಸಾ, ಹೋಟೆಲು ಎಲ್ಲ ಬಲ್ಲವನು ನೀನು. ಶುಕ್ರವಾರ ಅವಳ ಜೊತೆ ಜಗಳವಾಡಿದವನೂ ನೀನೇ. ಕಟ್ಟಡದ ಜನವೆಲ್ಲ ಕೇಳಿದ ಜಗಳವನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ?

ಅಮರ, ಜಗಳ ಆಡಿದ್ದು ಖರೆ ಎಂದು ಒಪ್ಪಿಕೊಂಡ. ಏಳು ಸಲ ತಂಡ ಕಟ್ಟಿಕೊಂಡು ಆ ದೇಶಕ್ಕೆ ಹೋಗಿ ಬಂದವನು ಹೆಂಡತಿಯನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ತಾನೇ ಒಬ್ಬಳೇ ಹೋಗಲು ಎಲ್ಲ ಗೊತ್ತು ಮಾಡಿಕೊಂಡಿದ್ದೇನೆಂದು ಅವಳು ಅಂದು ಹೇಳಿದಾಗ ಅವನಿಗೆ ಸಿಟ್ಟಿಗಿಂತ ನಾಚಿಕೆಯಾಗಿತ್ತು. ನಾಚಿಕೆ ಮುಚ್ಚಿಕೊಳ್ಳಲು ಕೂಗಾಡಿದ್ದ. ಅವಳು ಹೋದದ್ದು ತನ್ನ ಮಾತಿಗೆ ಬೇಸತ್ತೇ ಎಂದು ನಂಬಿದ್ದ. ಇನ್ಸುಲಿನ್ನಿನ ಡಬ್ಬಿ ಮನೆಯ ಫ್ರಿಜ್ಜಿನಲ್ಲೇ ಉಳಿದದ್ದನ್ನು ಕಂಡರೂ, ಅಲ್ಲೇ ಕೊಂಡುಕೊಳ್ಳುತ್ತಾಳೆ ಎಂದು ಸಮಾಧಾನ ಹೇಳಿಕೊಂಡಿದ್ದ.

ಆಮೇಲೆ ಅವನು ಒಂಬತ್ತನೆಯ ಹಾಳೆಯನ್ನು ಅವರ ಕಡೆಗೆ ತಿರುಗಿಸಿದ.

"ಮೂರು ವರ್ಷ ಆತ್ರಿ ಲಗ್ನ ಆಗಿ. ದಿನಾ ಮುಂಜಾನೆ ಆಕಿ ಸೂಜಿ ನಾನ ಫ್ರಿಜ್ಜಿನಾಗಿಂದ ತಗದು ಕೊಡ್ತೀನಿ. ನಾ ಬರೆದಿದ್ರ ಫ್ರಿಜ್ ಬ್ಯಾಡ ಅಂತಿದ್ನೇನ್ರಿ? ಇದು ಆಕಿ ಬ್ಯಾನಿ ಗೊತ್ತಿಲ್ಲದವರು ಬರೆದದ್ದು."

 ಇಷ್ಟು ಸರಳವಾದ ಮಾತು ತಮಗೆ ಹೊಳೆಯಲಿಲ್ಲವಲ್ಲ ಎಂದುಕೊಂಡರು ಲೀಲಾಕ್ಷಿ.

ಶಿವಾನಿಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮಾತ್ರೆಗೆ ನಿಲ್ಲುವಂಥದ್ದಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಅದನ್ನು ಬಲ್ಲವರು ನಾಲ್ಕೇ ಜನ: ಅವಳು, ತಾಯಿ ಗೌರಾಬಾಯಿ, ಗಂಡ, ಮತ್ತು ಲೀಲಾಕ್ಷಿ.

ಎಂಟು ವರ್ಷದ ಹಿಂದೆ ಅವಳು ಓದುವಾಗ ಲೀಲಾಕ್ಷಿಯವರ ಲಾಡ್ಜಿನ ಹಿಂದಿನ ಕೋಣೆಯಲ್ಲಿದ್ದಳು. ಪರೀಕ್ಷೆಯ ಗದ್ದಲದಲ್ಲಿ ಒಂದೂವರೆ ದಿನ ಇನ್ಸುಲಿನ್ ತಪ್ಪಿತು. ಮೊದಲು ಬಂದದ್ದು ಬಾಯಾರಿಕೆ. ಕೊಡಗಟ್ಟಲೆ ನೀರು ಕುಡಿದಳು, ಇನ್ನೂ ಬೇಕೆಂದಳು, ಆಮೇಲೆ ವಾಂತಿ, ಆಮೇಲೆ ಕರೆದರೂ ಓಗೊಡಲಿಲ್ಲ. ಆ ಬಾಯಾರಿಕೆ ಶುರುವಾಯಿತೆಂದರೆ ಮತ್ತೆ ದಿನ ಎಣಿಸಬೇಡಿ, ಗಂಟೆ ಎಣಿಸಿ ಎಂದಿದ್ದರು ಡಾಕ್ಟರು. ಆಸ್ಪತ್ರೆಗೆ ಓಡಿಬಂದ ಗೌರಾಬಾಯಿ, ಮಗಳು ಉಳಿದಳೆಂದು ತಿಳಿದ ಮರುಗಳಿಗೆ ಲೀಲಾಕ್ಷಿಯವರ ಎರಡೂ ಕೈ ಹಿಡಿದುಕೊಂಡಿದ್ದರು. ಯಾರಿಗೂ ಹೇಳಬಾರದು, ಹೇಳಿದರೆ ಹುಡುಗಿಗೆ ಲಗ್ನವಾಗುವುದಿಲ್ಲ. ಲೀಲಾಕ್ಷಿ ಮಾತು ಕೊಟ್ಟರು. ಲಾಡ್ಜಿನ ಫ್ರಿಜ್ಜಿನಲ್ಲಿ ಒಂದು ಸ್ಟೀಲ್ ಡಬ್ಬಿಯಿಟ್ಟು, ಅದು ತಮ್ಮ ಕಣ್ಣಿನ ಮದ್ದೆಂದು ಅಡುಗೆಯವರಿಗೆ, ಮನೆಯವರಿಗೆಲ್ಲ ಹೇಳಿದರು. ಎಲ್ಲರೂ ನಂಬಿದರು.

ಆ ಮಾತನ್ನು ಅವರು ಎಷ್ಟು ಕಟ್ಟುನಿಟ್ಟಾಗಿ ಉಳಿಸಿಕೊಂಡರೆಂದರೆ, ಪೊಲೀಸ್ ದೂರಿನಲ್ಲೂ ಕಾಯಿಲೆಯ ಸುದ್ದಿ ಬಂದಿರಲಿಲ್ಲ. ಇವತ್ತು ಬೆಳಗ್ಗೆ ತಡೆಯಲಾರದೆ ಇನ್ಸ್‌ಪೆಕ್ಟರ್ ಕೇತಕಿಗೆ ಹೇಳಿದ್ದರು. ಆಕೆ ನೀರು ಕೊಟ್ಟು, ತನ್ನ ಸ್ವಂತ ನಂಬರು ಬರೆದುಕೊಟ್ಟು, ವಿಮಾನ ನಿಲ್ದಾಣದ ದಾಖಲೆ ಬರಲು ವಾರವಾದೀತು ಎಂದಿದ್ದಳು. ಶಿವಾನಿಯ ಕೈಚೀಲದಲ್ಲಿದ್ದ ಒಂದು ಇನ್ಸುಲಿನ್ ಪೆನ್ನಿನ ಔಷಧಿ ಹೆಚ್ಚೆಂದರೆ ಗುರುವಾರದವರೆಗೆ. ಇವತ್ತು ಮಂಗಳವಾರ.

"ಇನ್ನೊಂದು ಮಾತರಿ," ಅಮರ ಒಂಬತ್ತನೆಯ ಹಾಳೆಯ ಕೆಳಗಿನ ಸಾಲುಗಳನ್ನು ತೋರಿಸಿದ. "ಹದಿನೈದು ವರ್ಷ ಆತು ಈ ಧಂದೆದಾಗ. ಯಾವ ಗಿರಾಕಿನೂ ಹೋಟೆಲ್‌ಗೆ ಹಿಂಗ ಬರೆದದ್ದು ನೋಡಿಲ್ಲ. ಯಾರೂ ಕೇಳಿಲ್ಲ, ತಾನ ಬರದಾರ, ನೋಡ್ರಿ."

ಲೀಲಾಕ್ಷಿ ಆ ಸಾಲುಗಳನ್ನು ನಿನ್ನೆಯೇ ಓದಿದ್ದರು. ಫ್ರಿಜ್ಜಿನ ಸಾಲಿನ ಗಾಬರಿಯಲ್ಲಿ ಅವು ಕಣ್ಣಿಗೆ ಬಿದ್ದೂ ಬಿದ್ದಿರಲಿಲ್ಲ. ಕನ್ನಡಕ ಏರಿಸಿ ಮತ್ತೆ ಓದಿದರು.

ಎಲ್ಲಿಂದ ಬರುವುದು: ಪುಣೆ. ಎಲ್ಲಿಗೆ ಹೋಗುವುದು: ಫ್ಲಾರೆನ್ಸ್. ಉದ್ದೇಶ: ಖಾಸಗಿ. ಲಗೇಜು: ಎರಡು ನಗ.

ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

"ಈ ಈಮೇಲು ಎಲ್ಲಾ ಆಕಿ ಎಲ್ಲಿ ಕೂತು ಬರೀತಿದ್ಲು, ಗೊತ್ತೇನು ನಿನಗೆ?" ಎಂದು ಕೇಳುವಾಗ ತಮ್ಮ ಬಾಯಲ್ಲಿ ಅವನ ಊರಿನ ಮಾತು ಬಂದದ್ದೂ ಅವರಿಗೆ ತಿಳಿಯಲಿಲ್ಲ.

"ನಿಮ್ಮ ಲಾಡ್ಜಿನಾಗರಿ. ಕೌಂಟರಿನ ಕಂಪ್ಯೂಟರ್ ಮ್ಯಾಲೆ. ಪ್ರತಿ ಗುರುವಾರ ಸಂಜಿಗೆ. ಜಗಳದಾಗ ಆಕಿನ ಹೇಳಿದ್ಲು." ಅಮರ ಅವರ ಮುಖ ನೋಡಿ ಅರ್ಧಕ್ಕೆ ಎದ್ದ. "ಯಾಕ್ರಿ? ಏನಾತು?"

ಏನೂ ಇಲ್ಲ ಎಂದರು. ಫೋನು ಹತ್ತಿರವೇ ಇಟ್ಟುಕೊಂಡಿರು ಎಂದರು. ಬಾಗಿಲ ಹತ್ತಿರ ತಿರುಗಿ, ನಿನ್ನ ಮೇಲೆ ತಪ್ಪು ಹೊರಿಸಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಅಮರ ಅವರ ಕೈಹಿಡಿದು ಮೂರು ಮೆಟ್ಟಿಲು ಇಳಿಸಿ, ರಿಕ್ಷಾ ನಿಲ್ಲಿಸಿ ಹತ್ತಿಸಿದ.

ರಿಕ್ಷಾ ಕೋರ್ಟಿನ ಮುಂದಿನ ಗದ್ದಲದಲ್ಲಿ ಸಿಕ್ಕಿಕೊಂಡಿತು. ಲೀಲಾಕ್ಷಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತರು.

ಎಲ್ಲಿಂದ, ಎಲ್ಲಿಗೆ, ಉದ್ದೇಶ. ಇವು ದೇಶದ ಯಾವ ಲಾಡ್ಜಿನ ರಿಜಿಸ್ಟರಿನಲ್ಲೂ ಇರುತ್ತವೆ. ಆದರೆ ಲಗೇಜಿನ ಕಾಲಂ ಇರುವುದಿಲ್ಲ. ಅದು ಅವರ ಗಂಡ ಹಾಕಿದ್ದು. ಸೋಲಾಪುರದ ಸೀರೆ ವ್ಯಾಪಾರಿಯೊಬ್ಬ ತನ್ನ ಮೂರನೆಯ ಗಂಟು ಕಳೆದುಹೋಯಿತೆಂದು ರಂಪ ಮಾಡಿದಾಗ, ಬಂದದ್ದೇ ಎರಡು ಗಂಟೆಂದು ತೋರಿಸಲು ಯಾವ ಬರಹವೂ ಇರಲಿಲ್ಲ. ಮರುದಿನವೇ ಅವರು ಸ್ಕೇಲು ಹಿಡಿದು ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಗೆರೆ ಎಳೆದರು. ಲಗೇಜು, ಎಷ್ಟು ನಗ, ಅಂದರೆ ಎಷ್ಟು ಗಂಟು. ಕೋಣೆ ತೆಗೆದುಕೊಳ್ಳಲಿ ಬಿಡಲಿ, ಒಳಗೆ ಬಂದ ಒಂದು ಚೀಲವೂ ಬರೆಯದೆ ಉಳಿಯಬಾರದು. ಪಕ್ಕದ ಲಾಡ್ಜಿನವರು ನಕ್ಕಿದ್ದರು.

ಆ ಕಾಲಂ ತುಂಬುವುದು ಕೈಗೇ ಹತ್ತಿಹೋಗಿದ್ದ ಜನ ಮೂವರು. ಒಬ್ಬರು ತೀರಿಕೊಂಡು ಎರಡು ವರ್ಷ. ಇನ್ನೊಬ್ಬರು ಈ ರಿಕ್ಷಾದಲ್ಲಿ ಕೂತಿದ್ದಾರೆ.

ಮೂರನೆಯವನು ಅವರ ತಮ್ಮ ಸದಾನಂದ.

ಇಲ್ಲ ಎಂದುಕೊಂಡರು. ಸದಾನಂದ ಇರುವೆಯ ಸಾಲು ಕಂಡರೆ ದಾಟಿ ಹೋಗುವವನು. ಹುಡುಗನಾಗಿದ್ದಾಗ ಭಾವನ ಕೈಕೆಳಗೆ ಇದೇ ಲಾಡ್ಜಿನಲ್ಲಿ ಕೆಲಸ ಕಲಿತು, ಆಮೇಲೆ ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುತ್ತಿದ್ದವನು, ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಆದಳೆಂದು ಅದನ್ನು ಬಿಟ್ಟು ಬಂದು ಲಾಡ್ಜ್ ನೋಡಿಕೊಳ್ಳುತ್ತಿದ್ದ. ಈ ಮೂರು ದಿನ ಗೌರಾಬಾಯಿಗೆ ಅವನು ಮಾಡಿದ ಸೇವೆಯನ್ನು ಸ್ವಂತ ಮಗ ಮಾಡುತ್ತಿರಲಿಲ್ಲ.

ಲಾಡ್ಜಿಗೆ ಬಂದಾಗ ನಾಲ್ಕೂವರೆ. ಗೌರಾಬಾಯಿ ಬಾಗಿಲಿಗೆ ಮುಖಮಾಡಿ ಬೆಂಚಿನ ಮೇಲೆ ಕೂತಿದ್ದರು. ಚಿಂಚವಾಡದ ತಮ್ಮ ಮನೆಗೆ ಹೋಗಲು ಒಪ್ಪಿರಲಿಲ್ಲ. ಮಗಳು ಬಂದರೆ ಮೊದಲು ಇಲ್ಲಿಗೇ ಬರುತ್ತಾಳೆಂದು ಅವರ ನಂಬಿಕೆ. ಹೆಗಲ ಮೇಲೆ ಸದಾನಂದನ ಶಾಲು. ಫ್ಯಾನಿನ ಗಾಳಿಗೆ ಚಳಿಯಾಗುತ್ತದೆಂದು ಅವನೇ ಹೊದಿಸಿದ್ದು.

"ಬಂದ್ರೇನ್ರಿ ಲೀಲಕ್ಕಾ," ಎಂದರು. "ಅಳಿಯಾ ಏನಂದ?"

ಅವನಲ್ಲ ಎಂದಷ್ಟೇ ಹೇಳಿ ಲೀಲಾಕ್ಷಿ ಕೌಂಟರಿನ ಹಿಂದೆ ಹೋದರು. ಸದಾನಂದ ಎಲ್ಲಿ ಎಂದು ಕೇಳಿದ್ದಕ್ಕೆ ಗೌರಾಬಾಯಿ, ನನಗ ಗಂಜಿ ಕಾಯಿಸಲಿಕ್ಕೆ ಹೋಗ್ಯಾರ್ರಿ, ಬ್ಯಾಡ ಅಂದ್ರೂ ಕೇಳಂಗಿಲ್ಲ, ಎಂದರು.

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಲೀಲಾಕ್ಷಿ ಸಂಜೆ ಕೆಳಗಿಳಿಯುವುದನ್ನು ಬಿಟ್ಟಿದ್ದರು. ರಿಜಿಸ್ಟರು ಮುಟ್ಟಿ ತಿಂಗಳುಗಳೇ ಆಗಿದ್ದವು. ತೆರೆದರು. ಕೆಂಪು ಗೆರೆ ಈಗಲೂ ಇತ್ತು. ಭಾವ ಎಳೆದಂತೆಯೇ ಸದಾನಂದ ಪ್ರತಿ ಪುಟಕ್ಕೂ ಎಳೆಯುತ್ತಿದ್ದ.

ಶನಿವಾರ: ಆರು ಹೆಸರು, ಆರು ಕೋಣೆ. ಭಾನುವಾರ: ನಾಲ್ಕು ಹೆಸರು.

ಕೋಣೆಗಳು ಮೂರೇ.

ನಾಲ್ಕನೆಯ ಸಾಲಿನಲ್ಲಿ ಹೆಸರು ಎಸ್. ಪಾಟೀಲ. ಕೋಣೆಯ ಜಾಗದಲ್ಲಿ ಒಂದು ಅಡ್ಡಗೆರೆ. ಎಲ್ಲಿಂದ: ಬಾರಾಮತಿ. ಲಗೇಜು: ಎರಡು ನಗ. ಸದಾನಂದನ ದುಂಡಗಿನ ಅಕ್ಷರ.

ಸುಳ್ಳು ಹೆಸರು ಬರೆದ ಕೈ ಚೀಲವನ್ನು ಮಾತ್ರ ಬರೆಯದೆ ಬಿಡಲಾರದೆ ಹೋಗಿತ್ತು. ಭಾವ ಕಲಿಸಿದ ಪಾಠ.

ಲಗೇಜಿನ ಕೋಣೆ ಮೆಟ್ಟಿಲ ಕೆಳಗೆ. ಬಲ್ಬು ಹಚ್ಚಿದರು. ರೈಲು ಕಾಯುವವರ, ನಾಳೆ ಬರುತ್ತೇನೆಂದು ಹೋದವರ ಹತ್ತಿಪ್ಪತ್ತು ಚೀಲಗಳು, ಒಂದೊಂದಕ್ಕೂ ಹಿತ್ತಾಳೆಯ ಬಿಲ್ಲೆ. ಹಿಂದಿನ ಸಾಲಿನಲ್ಲಿ, ಒಂದು ಹಾಸಿಗೆಯ ಸುರುಳಿಯ ಮರೆಯಲ್ಲಿ, ನೀಲಿ ಸೂಟ್‌ಕೇಸು. ಅದರ ಮೇಲೆ ಬಟ್ಟೆಯ ಕೈಚೀಲ. ಚೀಲದ ಮೇಲಿನ ಮರದ ಚಿತ್ರ ಶಿವಾನಿಯೇ ಬರೆದದ್ದು.

ಲೀಲಾಕ್ಷಿ ನೆಲದ ಮೇಲೆ ಕೂತರು. ಮೊಣಕಾಲು ಬೇಡವೆಂದಿತು, ಕೇಳಲಿಲ್ಲ.

ಚೀಲದಲ್ಲಿ ಪಾಸ್‌ಪೋರ್ಟು. ಆರಿದ ಫೋನು. ಅಲ್ಲಿ ಚಳಿಯಿರುತ್ತದೆಂದು ಗೌರಾಬಾಯಿ ಹೆಣೆದ ಕೆಂಪು ಟೊಪ್ಪಿಗೆ. ಮಡಚಿದ ಒಂದು ಹಾಳೆಯಲ್ಲಿ ರೈಲು ನಿಲ್ದಾಣದಿಂದ ಹೋಟೆಲಿಗೆ ಬರುವ ದಾರಿ, ಅಸುಂತಾ ಕೈಯಾರೆ ಬರೆದು ಕಳಿಸಿದ ನಕಾಶೆ, ಬಾಗಿಲ ಪಕ್ಕ ಒಂದು ಪುಟ್ಟ ಹೂಕುಂಡ. ತಳದಲ್ಲಿ ಬೆಳ್ಳಿ ಬಣ್ಣದ ಸಣ್ಣ ಪೌಚು, ತಂಪು ಹಿಡಿದಿಡುವಂಥದ್ದು.

ತೆರೆಯುವ ಮೊದಲೇ ಅವರಿಗೆ ತಿಳಿದಿತ್ತು. ಆದರೂ ತೆರೆದರು.

ಇನ್ಸುಲಿನ್ ಪೆನ್ನು ಒಳಗೇ ಇತ್ತು. ಗುರುವಾರದವರೆಗೆ ಎಂದು ಅವರೆಲ್ಲ ಎಣಿಸಿಕೊಂಡಿದ್ದ ಪೆನ್ನು.

ಗುರುವಾರವಿಲ್ಲ. ನಾಳೆಯೂ ಇಲ್ಲ. ಶನಿವಾರದಿಂದಲೇ ಅವಳ ಮೈಗೆ ಒಂದು ಹನಿಯೂ ಹೋಗಿಲ್ಲ.

"ಅಕ್ಕ."

ಸದಾನಂದ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಗಂಜಿಯ ಬಟ್ಟಲು, ಪಕ್ಕದಲ್ಲಿ ಒಂದು ಚೂರು ಉಪ್ಪಿನಕಾಯಿ. ತೆರೆದ ಚೀಲವನ್ನು ನೋಡಿದ. ಓಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ಒಂದು ಪೆಟ್ಟಿಗೆಯ ಮೇಲಿಟ್ಟು ಅಲ್ಲೇ ಕುಕ್ಕರಿಸಿದ.

"ನಾನೇ ಹೇಳುವವನಿದ್ದೆ," ಎಂದ. "ಒಂದು ವಾರ ಅಂತ ಹೇಳಿದ್ರು ಅವರು. ಒಂದೇ ವಾರ ಅವಳು ಯಾರ ಕಣ್ಣಿಗೂ ಬೀಳದ ಹಾಗೆ ಇದ್ರೆ ಸಾಕಂತೆ. ಅವಳಿಗೆ ಎಂತದೂ ತೊಂದರೆ ಮಾಡ್ಲಿಲ್ಲ ನಾನು, ನಿನ್ನಾಣೆ."

ಅವರು ಎಂದರೆ ಯಾರು, ಯಾಕೆ ಎಂದು ಕೇಳಲು ಲೀಲಾಕ್ಷಿಗೆ ಸಮಯವಿರಲಿಲ್ಲ. ಅಂಗೈ ಚಾಚಿ ಪೆನ್ನು ತೋರಿಸಿದರು.

ಸದಾನಂದ ಬಾಗಿ ನೋಡಿದ. ಮುಖದಲ್ಲಿ ಅಪರಾಧವಲ್ಲ, ಬರೀ ಗೊಂದಲ.

"ಇದು ನಿನ್ನ ಕಣ್ಣಿನ ಮದ್ದಲ್ವಾ ಅಕ್ಕ? ಫ್ರಿಜ್ಜಲ್ಲಿ ಇಡ್ತಿದ್ದದ್ದು?"

"ಅವಳದ್ದು," ಎಂದರು ಲೀಲಾಕ್ಷಿ. "ಮೊದಲಿನಿಂದಲೂ ಅವಳದ್ದೇ. ಸಕ್ಕರೆ ಕಾಯಿಲೆ ಸದಾ, ಸಣ್ಣಂದಿನಿಂದ. ಇದಿಲ್ಲದೆ ಅವಳು ಉಳಿಯುವುದಿಲ್ಲ."

 ಹೊರಗೆ ಬೆಂಚು ಕಿರ್ರೆಂದಿತು. ಗೌರಾಬಾಯಿ ಎದ್ದು ಈ ಕಡೆ ಬರುತ್ತಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ?" ಸದಾನಂದ ಕೇಳಿದ. "ಇಷ್ಟು ವರ್ಷ ಒಂದು ಮಾತು ಯಾಕೆ ಹೇಳ್ಲಿಲ್ಲ ಅಕ್ಕ?"

"ಎಲ್ಲಿದ್ದಾಳೆ?"

"ಬಾರಾಮತಿ. ಕ್ಯಾಂಟೀನಿನ ಹಿಂದಿನ ಹಳೆ ಕ್ವಾರ್ಟರ್ಸ್. ಕಾರ್ಖಾನೆಯ ಹಂಗಾಮು ಮುಗಿದಿದೆ, ಅಲ್ಲಿ ಈಗ ಯಾರೂ ಇಲ್ಲ."

"ನೀನು ನೋಡಿದ್ದು ಯಾವಾಗ?"

"ಭಾನುವಾರ ಬೆಳಿಗ್ಗೆ. ಬೀಗ ಹಾಕಿ ಬಂದೆ." ಅವನು ಎರಡೂ ಕೈಗಳಿಂದ ತಲೆ ಹಿಡಿದುಕೊಂಡ. "ನೀರು ಎಷ್ಟು ಕೊಟ್ರೂ ಬಾಯಾರಿಕೆ, ಬಾಯಾರಿಕೆ ಅಂತಿದ್ಲು ಅಕ್ಕ. ಪಾಪ ಅನ್ನಿಸ್ತು. ಹೊರಡುವಾಗ ಗಾಡಿಯವನ ಹತ್ರ ದೊಡ್ಡ ಕ್ಯಾನು ತುಂಬ ಕಬ್ಬಿನ ಹಾಲು ತುಂಬಿಸಿ ಇಟ್ಟು ಬಂದೆ."